ಕೆರೆ ನೀರಿನ ಪರೀಕ್ಷೆ: ಒಮ್ಮೆ ಮಾಡಿದರೆ ಸಾಲದು

ಮಳೆಗಾಲ ಕಳೆದ ಮೇಲೆ ತೋಟದ ಕೆರೆಯಲ್ಲಿ ಎಷ್ಟು ಅಡಿ ನೀರು ನಿಂತಿದೆ ಎಂಬುದನ್ನು ಲೆಕ್ಕ ಹಾಕದ ಬೆಳೆಗಾರನಿಲ್ಲ. ಹೂಮಳೆ ಕೈಕೊಟ್ಟರೆ ಕಾಫಿಗೆ ಸ್ಪ್ರಿಂಕ್ಲರ್ ಹೊಡೆಯಲು, ಬೇಸಗೆಯಲ್ಲಿ ಅಡಿಕೆ ಮರ ಉಳಿಸಿಕೊಳ್ಳಲು ಅದೇ ಆಧಾರವಷ್ಟೆ. ಆದರೆ ಆ ನೀರು ಎಂಥದು, ಹೋದ ವರ್ಷಕ್ಕಿಂತ ಕೆಟ್ಟಿದೆಯೇ ಎಂದು ಕೇಳಿದರೆ ಉತ್ತರ ಕೊಡುವವರು ವಿರಳ.

ಇದಕ್ಕೆ ಪಾಠ ಬೇಕಿದ್ದರೆ ಬೆಂಗಳೂರಿನ ಉತ್ತರ ಭಾಗವನ್ನು ನೋಡಬೇಕು. ಶೆಟ್ಟಿಹಳ್ಳಿ, ಯಲಹಂಕ, ಹೆಬ್ಬಾಳ, ಜಕ್ಕೂರು ಇವೆಲ್ಲ ಕೆರೆಯನ್ನು ನಂಬಿ ಬೇಸಾಯ ಮಾಡುತ್ತಿದ್ದ ಊರುಗಳು. ನಮ್ಮ ಮಕ್ಕಳಲ್ಲಿಯೇ ಎಷ್ಟೋ ಮಂದಿ ಇಂದು ಆ ಕಡೆ ಮನೆ ಮಾಡಿದ್ದಾರೆ. ಇನ್ನೂ ಮುಂದಕ್ಕೆ ಹೋದರೆ ಹೆಸರಘಟ್ಟ. 1890ರ ದಶಕದಲ್ಲಿ ನಗರಕ್ಕೆ ಕೊಳವೆಯ ಮೂಲಕ ಕುಡಿಯುವ ನೀರು ಕೊಟ್ಟ ಕೆರೆ ಅದು. ಒಂದರ ಕೋಡಿ ಹರಿದು ಮತ್ತೊಂದನ್ನು ತುಂಬುವಂತೆ ಹಿರಿಯರು ಕಟ್ಟಿದ್ದ ಈ ಕೆರೆಗಳ ಸಾಲಿಗೆ, ಊರು ಬೆಳೆದಂತೆ, ರಾಜಕಾಲುವೆಗಳಲ್ಲಿ ಮನೆಗಳ ಕೊಳಚೆ ಹರಿದು ಬರತೊಡಗಿತು. ಕೆರೆ ಕೆಟ್ಟದ್ದು ಎಲ್ಲರ ಕಣ್ಣಿಗೆ ಬಿದ್ದದ್ದು ತೀರ ತಡವಾಗಿ. 2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಲಿಯು ನಗರದ ಕೆರೆಗಳ ನೀರನ್ನು ಕಾಲಕಾಲಕ್ಕೆ ಪರೀಕ್ಷಿಸಿ ‘ಎ’ಯಿಂದ ‘ಇ’ವರೆಗೆ ದರ್ಜೆ ಕೊಡುತ್ತದೆ. ಸ್ನಾನಕ್ಕೆ ಯೋಗ್ಯವಾದ ‘ಬಿ’ ದರ್ಜೆಯ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಮೀನುಗಾರಿಕೆಯ ‘ಡಿ’ ದರ್ಜೆಗೆ 4 ಸಾಕು. ‘ಇ’ ಎಂದರೆ ನೀರಾವರಿಯಂಥ ಬಳಕೆಗೆ ಮಾತ್ರ. ನಗರದ ಬಹುಪಾಲು ಕೆರೆಗಳು ಈ ಕಡೆಯ ಎರಡು ದರ್ಜೆಗಳಲ್ಲೇ ಇವೆ.

ಈ ಆಮ್ಲಜನಕದ ಅಂಕಿ ಬಹಳ ಮೋಸಗಾರ. ಕೊಳಚೆಯ ಸಾರಜನಕ, ರಂಜಕ ತಿಂದು ಕೊಬ್ಬಿದ ಹಸುರು ಪಾಚಿ ಹಗಲಿನಲ್ಲಿ ಆಮ್ಲಜನಕ ಬಿಡುತ್ತದೆ. ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೆ ಪರೀಕ್ಷೆ ಮಾಡಿದರೆ 10 ಮಿಲಿಗ್ರಾಂ ದಾಟಿದರೂ ದಾಟಿತು. ಕತ್ತಲಾದ ಮೇಲೆ ಅದೇ ಪಾಚಿ, ಮೀನು, ಕೊಳೆಸುವ ಸೂಕ್ಷ್ಮಾಣುಗಳು ಎಲ್ಲ ಸೇರಿ ಅದನ್ನು ಬಳಸುತ್ತವೆ. ಬೆಳಗಿನ ಜಾವಕ್ಕೆ 2ಕ್ಕಿಂತ ಕೆಳಗೆ ಇಳಿಯಬಹುದು. ಮೀನು ಸಾಯುವುದು ಆ ಹೊತ್ತಿನಲ್ಲಿ. ಮಧ್ಯಾಹ್ನದ ಒಂದೇ ಬಾಟಲಿ ನೋಡಿ ಕೆರೆ ಆರೋಗ್ಯವಾಗಿದೆ ಎಂದವನ ಮಾತು ಹೇಗೆ ಸರಿಯಾದೀತು? ಋತುವಿನ ಏರಿಳಿತ ಬೇರೆ ಇದೆ. ಬೇಸಗೆಯಲ್ಲಿ ನೀರು ಇಳಿದು ಕೊಳೆ ಗಟ್ಟಿಯಾಗುತ್ತದೆ. ಮೊದಲ ಮಳೆ ಚರಂಡಿಯ ಹೊಲಸನ್ನೆಲ್ಲ ತೊಳೆದು ತರುತ್ತದೆ.

ಜಕ್ಕೂರು ಕೆರೆಯ ಉದಾಹರಣೆ ಸ್ವಲ್ಪ ಸಮಾಧಾನ ಕೊಡುತ್ತದೆ. ಜಲಮಂಡಳಿ ಅಲ್ಲಿ ದಿನಕ್ಕೆ 1 ಕೋಟಿ ಲೀಟರ್ ಕೊಳಚೆ ಶುದ್ಧೀಕರಿಸುವ ಘಟಕ ಕಟ್ಟಿತು. ಹೊರಬಂದ ನೀರು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾದು ಕೆರೆ ಸೇರುವಂತೆ ಏರ್ಪಾಟಾಯಿತು. ಏಟ್ರೀ ಎಂಬ ಸಂಶೋಧನಾ ಸಂಸ್ಥೆ ಅಲ್ಲಿಯ ನೀರನ್ನು ಪರೀಕ್ಷಿಸಿ ಅಧ್ಯಯನ ಮಾಡಿದೆ. ‘ಜಲಪೋಷಣ್’ ಎಂಬ ಸ್ಥಳೀಯರ ಬಳಗ ಕೆರೆಯ ಮೇಲೆ ಕಣ್ಣಿಟ್ಟಿದೆ. ಇಂಥ ಕಡೆ ಒಳಹರಿವಿನಲ್ಲೂ ಹೊರಹರಿವಿನಲ್ಲೂ ಪರೀಕ್ಷೆ ನಡೆದರೆ ಮಾತ್ರ ಜೌಗು ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ನಮ್ಮಲ್ಲಿ ನಗರದ ಕೊಳಚೆ ಇಲ್ಲ, ನಿಜ. ಪಲ್ಪರಿನ ನೀರು ಇದೆಯಲ್ಲ! ಕೊಳೆಯುವಾಗ ಆಮ್ಲಜನಕ ಹೀರುವ ಶಕ್ತಿಯಲ್ಲಿ, ಅಂದರೆ ಬಿ.ಓ.ಡಿ.ಯಲ್ಲಿ, ಮನೆಯ ಕೊಳಚೆ ಲೀಟರಿಗೆ 200ರಿಂದ 300 ಮಿಲಿಗ್ರಾಂ ಇದ್ದರೆ ಕಾಫಿ ಪಲ್ಪಿಂಗ್ ನೀರಿನದು ಸಾವಿರಗಳ ಲೆಕ್ಕ. ಅದು ಹುಳಿಯಾಗಿ, ಕಪ್ಪಾಗಿ, ಹಳ್ಳದ ಹರಿವು ಸಣ್ಣದಾಗುವ ಡಿಸೆಂಬರ್-ಫೆಬ್ರವರಿಯಲ್ಲೇ ಹೊರಬೀಳುತ್ತದೆ. ಕೆಳಗಿನ ತೋಟದವರು, ಲೈನಿನ ಆಳುಗಳು ಬಳಸುವುದು ಅದೇ ಹಳ್ಳ. ಅಡಿಕೆಯವರೂ ಹೊರತಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತ ಇರುತ್ತದೆ. ಉಳಿದದ್ದನ್ನು ಕೆರೆ ಏರಿಯಲ್ಲಿ ಚೆಲ್ಲಿ ಡ್ರಮ್ಮು ತೊಳೆದರೆ ತಾಮ್ರ ಮೀನಿಗೆ ವಿಷ.

ದೊಡ್ಡ ಪ್ರಯೋಗಾಲಯ ಬೇಕಿಲ್ಲ. 20 ಸೆಂಟಿಮೀಟರ್ ಅಗಲದ ತಗಡಿನ ಬಿಲ್ಲೆಗೆ ನಾಲ್ಕು ಭಾಗ ಮಾಡಿ ಕಪ್ಪು-ಬಿಳಿ ಬಣ್ಣ ಹಚ್ಚಿ, ಭಾರ ಕಟ್ಟಿ, ಹಗ್ಗದಲ್ಲಿ ಇಳಿಬಿಡಿ. ಎಷ್ಟು ಆಳಕ್ಕೆ ಕಣ್ಮರೆಯಾಯಿತು ಎಂಬುದೇ ನೀರಿನ ತಿಳಿಯ ಅಳತೆ. 1865ರಲ್ಲಿ ಇಟಲಿಯ ಸೆಕ್ಕಿ ಎಂಬ ಪಾದ್ರಿ ತೋರಿಸಿಕೊಟ್ಟ ಉಪಾಯವಿದು, ಇಂದಿಗೂ ಬಳಕೆಯಲ್ಲಿದೆ. ಹುಳಿ-ಕ್ಷಾರ ನೋಡಲು ಪಿಎಚ್ ಕಾಗದ ಸಾಕು. ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ ನೋಡಿ ಮಳೆ ಲೆಕ್ಕದ ಪುಸ್ತಕದಲ್ಲೇ ಪಕ್ಕಕ್ಕೆ ಬರೆದಿಡಿ. ಪಲ್ಪಿಂಗ್ ಆರಂಭಕ್ಕೆ ಮೊದಲೊಮ್ಮೆ, ನಡುವೆ ಒಮ್ಮೆ, ಮುಗಿದ ಮೇಲೊಮ್ಮೆ ತಪ್ಪಿಸಬಾರದು. ಪ್ರಯೋಗಾಲಯಕ್ಕೆ ಕಳಿಸುವುದಾದರೆ ದಡದ ಕೆನೆ ಬಿಟ್ಟು ಒಂದಡಿ ಕೆಳಗಿನ ನೀರನ್ನು, ಗಾಳಿಗುಳ್ಳೆ ಉಳಿಯದಂತೆ ಬಾಟಲಿಯ ಕತ್ತಿನ ತನಕ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಮುಟ್ಟಿಸಿ. ಕೆರೆಯ ಹೆಸರು, ತಾರೀಕು, ಗಂಟೆ ಚೀಟಿಯಲ್ಲಿರಲಿ. ಕರಗಿದ ಆಮ್ಲಜನಕದ ಪರೀಕ್ಷೆಗೆ ಮಾತ್ರ ಕೆರೆದಂಡೆಯಲ್ಲೇ ಔಷಧಿ ಬೆರೆಸಬೇಕಾಗುತ್ತದೆ, ಅದಕ್ಕೆ ಬೇಕಾದ ಬಾಟಲಿಯನ್ನೂ ಔಷಧಿಯನ್ನೂ ಪ್ರಯೋಗಾಲಯದವರಿಂದ ಮೊದಲೇ ಕೇಳಿ ತಂದಿರಬೇಕು.