ಕುದ್ರುವಿಗೆ ನೆಂಟರಾಗಿ ಹೋಗುವ ಮುನ್ನ...

ಸುತ್ತ ಹೊಳೆ, ನಡುವೆ ಮನೆ. ನೋಡೋಕೆ ಎಷ್ಟು ಚೆಂದ! ಆದರೆ ಆ ಮನೆಯ ಗೃಹಿಣಿಗೆ ಒಂದೊಂದು ಕೊಡ ನೀರಿಗೂ ಲೆಕ್ಕವಿದೆ. ಅಲ್ಲಿಗೆ ಯಾವಾಗ ಹೋಗಬೇಕು? ಹೋದಾಗ ಹೇಗಿರಬೇಕು?

ಏಪ್ರಿಲ್ ಬಂತು ಅಂದ್ರೆ ಮಕ್ಕಳಿಗೆ ರಜೆ. 'ಅಮ್ಮಾ, ಈ ಸಲ ಎಲ್ಲಿಗೆ?' ಎಂಬ ರಾಗ ಶುರು. ಕರಾವಳಿಯಲ್ಲಿ ಚಿಕ್ಕಮ್ಮನ ಮನೆಯೋ, ಪರಿಚಯದವರ ಹೋಂ ಸ್ಟೇಯೋ ಇದ್ದರೆ ಸರಿ, ಬ್ಯಾಗು ತುಂಬಿದ ಹಾಗೇ. ಅದೂ ದೋಣಿ ದಾಟಿ ಹೋಗುವ ಕುದ್ರುವಿನ ಮನೆಯಾದರಂತೂ ಕೇಳುವುದೇ ಬೇಡ! ಆದರೆ ಒಂದು ನಿಮಿಷ ತಾಳಿ. ಆ ಮನೆಯ ಬಾವಿಯಲ್ಲಿ ಈಗ ನೀರು ಹೇಗಿದೆ ಅಂತ ಕೇಳಿದ್ದೀರಾ?

ಹೊಳೆ ಸಮುದ್ರ ಸೇರುವ ಜಾಗದಲ್ಲಿ ಮಣ್ಣು ಮರಳು ಕೂಡಿ ಎದ್ದ ನಡುಗಡ್ಡೆಯೇ ಕುದ್ರು. ಉತ್ತರ ಕನ್ನಡದವರು ಇದನ್ನೇ ಕುರ್ವೆ ಅನ್ನುತ್ತಾರೆ. ಉಡುಪಿ ಬಳಿಯ ಕೆಮ್ಮಣ್ಣಿನಲ್ಲಿ ಸ್ವರ್ಣಾ ನದಿಯ ನಡುವೆ, ಕುಂದಾಪುರದ ಪಂಚಗಂಗಾವಳಿಯಲ್ಲಿ, ಕುಮಟಾದ ಅಘನಾಶಿನಿಯಲ್ಲಿ ಇಂಥ ನಡುಗಡ್ಡೆಗಳು ಹಲವು. ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರು ಕೂಡ ಇಂಥದ್ದೇ. ಕೆಲವಕ್ಕೆ ಈಗ ಸೇತುವೆ, ನಲ್ಲಿ ನೀರು ಎರಡೂ ಬಂದಿವೆ. ಇನ್ನು ಕೆಲವು ಕಡೆ ಇಂದಿಗೂ ದೋಣಿಯೇ ಗತಿ.

ಬಾವಿಯೇ ಕ್ಯಾಲೆಂಡರ್

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಕುದ್ರುವಿನ ಮರಳಿನಲ್ಲಿ ಇಂಗಿದ ಈ ನೀರು ಅಡಿಯಲ್ಲಿರುವ ಉಪ್ಪು ನೀರಿನ ಮೇಲೆ ತೇಲಿ ನಿಲ್ಲುತ್ತದೆ. ಸಿಹಿ ನೀರು ಹಗುರ, ಉಪ್ಪು ನೀರು ಭಾರ. ಬಾವಿಗೆ ಸಿಗುವುದು ಈ ಮೇಲಿನ ಸಿಹಿ ಪದರ ಮಾತ್ರ.

ಬೇಸಿಗೆ ಏರಿದಂತೆ ಆ ಪದರ ತೆಳುವಾಗುತ್ತದೆ. ಹೊಳೆಯಲ್ಲಿ ಹರಿವು ಇಳಿದು, ಉಬ್ಬರದ ಉಪ್ಪು ನೀರು ಒಳನಾಡಿನವರೆಗೂ ನುಗ್ಗುತ್ತದೆ. ಆಗ ಪಂಪು ಹಾಕಿ ಒಂದೇ ಸಮನೆ ನೀರೆಳೆದರೆ ಕೆಳಗಿನ ಉಪ್ಪು ಮೇಲೇರಿ ಬಂದುಬಿಡುತ್ತದೆ. ಬೇಳೆ ಬೇಯದು, ಸೋಪು ನೊರೆ ಬಾರದು, ಚಹಾದ ರುಚಿಯೂ ಕೆಡುತ್ತದೆ. ಕುಡಿಯುವ ನೀರನ್ನು ಆಚೆ ದಡದಿಂದ ದೋಣಿಯಲ್ಲಿ ತರಬೇಕಾದ ಮನೆಗಳೂ ಉಂಟು.

ನೆಂಟರ ಸಾಲು ಶುರುವಾಗುವುದೂ ಸರಿಯಾಗಿ ಆಗಲೇ! ಲೆಕ್ಕ ಹಾಕಿ ನೋಡಿ. ಆರು ಜನ ದಿನಕ್ಕೆ ಎರಡೆರಡು ಬಕೆಟ್ ಮೈಮೇಲೆ ಸುರಿದುಕೊಂಡರೆ ಹತ್ತಿರ ಹತ್ತಿರ 200 ಲೀಟರ್. 12 ಲೀಟರಿನ ಕೊಡದಲ್ಲಿ ಹದಿನಾರು ಕೊಡ! ಅದನ್ನು ಸೇದುವವಳು, ಹೊರುವವಳು ಹೆಚ್ಚಾಗಿ ಆ ಮನೆಯ ಹೆಂಗಸೇ.

'ನೀರಿಲ್ಲ, ಬರಬೇಡಿ' ಅಂತ ಅವಳು ಹೇಳ್ತಾಳಾ? ಖಂಡಿತ ಇಲ್ಲ. ಬಂದವರನ್ನು ಕೂರಿಸಿ 'ಆಸರಿಗೆ ಏನು ಬೇಕು?' ಎಂದು ಕೇಳಿ, ಬೆಲ್ಲ ನೀರು ಮುಂದಿಡುವುದು ಕರಾವಳಿಯ ಮೊದಲ ಮರ್ಯಾದೆ. ಯಾವುದು ಕಡಿಮೆ ಇದೆಯೋ ಅದನ್ನೇ ಆಕೆ ಮೊದಲು ಕೊಡುತ್ತಾಳೆ. ಹಾಗಾಗಿ ಕೇಳಿಕೊಂಡು ಹೊರಡುವ ಜವಾಬ್ದಾರಿ ನಮ್ಮದು.

ಯಾವಾಗ ಹೋದರೆ ಚೆನ್ನ?

ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಹೋಗಿ. ಬಾವಿ ತುಂಬಿರುತ್ತದೆ, ಹೊಳೆ ಶಾಂತವಾಗಿರುತ್ತದೆ. ದಸರಾ ರಜೆ, ಕ್ರಿಸ್ಮಸ್ ರಜೆ ಎರಡೂ ಈ ಅವಧಿಯಲ್ಲೇ ಬರುತ್ತವೆ. ಮಳೆ ನಿಂತು ನೀರು ತಿಳಿಯಾದ ಮೇಲೆ, ಇಳಿತದ ಹೊತ್ತಿಗೆ ಹೆಂಗಸರು ಹೊಳೆಗಿಳಿದು ಮರುವಾಯಿ ಹೆಕ್ಕುವುದನ್ನೂ ಮಕ್ಕಳಿಗೆ ತೋರಿಸಬಹುದು. ನೀರುದೋಸೆ ಜೊತೆ ಮರುವಾಯಿ ಸುಕ್ಕ ತಿಂದವರಿಗೇ ಗೊತ್ತು ಅದರ ರುಚಿ!

ಏಪ್ರಿಲ್, ಮೇಯಲ್ಲೇ ಹೋಗಬೇಕಾಗಿ ಬಂದರೆ? ಹೋಗಿ, ಆದರೆ ವಾರಗಟ್ಟಲೆ ಬೇಡ. ಎರಡು ದಿನ ಸಾಕು. ಜೂನ್, ಜುಲೈನಲ್ಲಿ ಹೊಳೆ ಕೆಂಪಾಗಿ ಉಕ್ಕಿ ಹರಿಯುವಾಗ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ದೋಣಿ ಹತ್ತುವ ಸಾಹಸವಂತೂ ಬೇಡವೇ ಬೇಡ.

ಅಟ್ಟದಲ್ಲಿದೆ ಆಟಿಯ ಊಟ

ತುಳುನಾಡಿನ ಆಟಿ, ಕುಂದಾಪುರದ ಆಸಾಡಿ ಅಂದರೆ ಜಡಿಮಳೆಯ ಕಾಲ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ ರಜೆ. ಪೇಟೆಗೆ ಹೋಗೋಣವೆಂದರೆ ದೋಣಿ ಬಿಡುವವರಿಲ್ಲ. ಇಂಥ ದಿನ ನೆಂಟರು ಬಂದರೂ ಕುದ್ರುವಿನ ಗೃಹಿಣಿ ಗಾಬರಿಯಾಗುವುದಿಲ್ಲ. ಯಾಕೆ ಗೊತ್ತಾ? ಬೇಸಿಗೆಯಲ್ಲೇ ಅವಳ ಅಟ್ಟ ತುಂಬಿರುತ್ತದೆ.

ಹಲಸಿನ ಹಪ್ಪಳ, ಸಂಡಿಗೆ, ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿ ಮತ್ತು ಹಲಸಿನ ಸೊಳೆ, ಕೆಮ್ಮಣ್ಣು ಸವರಿ ಒಣಗಿಸಿದ ಹಲಸಿನ ಬೀಜ, ಮಾಡಿಗೆ ತೂಗುಹಾಕಿದ ಸೌತೆಕಾಯಿ, ಒಣಮೀನು, ಹುರುಳಿ, ಕುಚ್ಚಲಕ್ಕಿ... ಬಿಸಿ ಗಂಜಿ, ಹುರುಳಿ ಚಟ್ನಿ, ಸೌತೆ-ಹಲಸಿನ ಬೀಜದ ಹುಳಿ, ಕೆಂಡದಲ್ಲಿ ಸುಟ್ಟ ಹಪ್ಪಳ. ಒಂದು ಪೈಸೆ ಖರ್ಚಿಲ್ಲದೆ ಊಟ ಸಿದ್ಧ! ಹಿತ್ತಲಲ್ಲಿ ಕೆಸುವಿನೆಲೆ ಇದ್ದರೆ ಪತ್ರೊಡೆಯೂ ಸೈ.

ಉಳಿದುಕೊಂಡಾಗ ಇವು ಗಮನದಲ್ಲಿರಲಿ

* ಹೊರಡುವ ಮುಂಚೆ ಫೋನ್ ಮಾಡಿ ದೋಣಿಯ ಹೊತ್ತು ಕೇಳಿಕೊಳ್ಳಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇವುಗಳ ಹೊತ್ತು ದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಪೂರ್ತಿ ಇಳಿತದಲ್ಲಿ ಬಂದಿಳಿದರೆ ದೋಣಿ ಕೆಸರಿಗೆ ತಾಗೀತು!

* ದೋಣಿಯಲ್ಲಿ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಈಜು ಬರುತ್ತದೆ ಎಂಬ ಧೈರ್ಯ ಬೇಡ, ಸಂಕೋಚವೂ ಬೇಡ.

* ಸ್ನಾನ ಒಂದೇ ಬಕೆಟ್‌ನಲ್ಲಿ ಮುಗಿಸಿ. ಕೊಳೆ ಬಟ್ಟೆಯನ್ನು ಅಲ್ಲಿ ಒಗೆಯದೆ ಚೀಲದಲ್ಲಿ ಕಟ್ಟಿ ಮನೆಗೆ ತನ್ನಿ.

* ಸಿಹಿ ಪೊಟ್ಟಣದ ಬದಲು ಅಲ್ಲಿ ಸುಲಭವಾಗಿ ಸಿಗದ ತರಕಾರಿ, ಬೇಳೆ ಒಯ್ಯಿರಿ. ಎಷ್ಟು ಜನ ಬರುತ್ತೀರೆಂದು ಮೊದಲೇ ತಿಳಿಸಿ.

* ಚಿಪ್ಸ್ ಕವರ್, ನೀರಿನ ಬಾಟಲಿ, ಡೈಪರ್ ಅಲ್ಲಿ ಬಿಡಬೇಡಿ. ಕುದ್ರುವಿನಲ್ಲಿ ಎಸೆದ ಕಸ ಹೋಗುವುದು ಹೊಳೆಗೇ.

* ಅಡುಗೆ ಮನೆಯಲ್ಲಿ ಕೈ ಜೋಡಿಸಿ. ಕನಿಷ್ಠ ಒಂದು ಹೊತ್ತಿನ ಪಾತ್ರೆಯಾದರೂ ನಿಮ್ಮ ಪಾಲಿಗಿರಲಿ.

ನಿಮ್ಮ ಮನೆಯಲ್ಲೂ ಇರಲಿ ಒಂದು ಅಟ್ಟ

ಫ್ಲ್ಯಾಟ್‌ನಲ್ಲಿ ಅಟ್ಟ ಎಲ್ಲಿಂದ ಬರಬೇಕು ಅಂತೀರಾ? ಅಡುಗೆ ಮನೆಯ ಒಂದು ಶೆಲ್ಫ್ ಸಾಕು. ಬಿಸಿಲಿರುವಾಗಲೇ ಹಪ್ಪಳ, ಸಂಡಿಗೆ ಮಾಡಿ ಡಬ್ಬಿಗೆ ತುಂಬಿ. ಎಳೆ ಮಾವಿನಕಾಯಿ ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ, ಜಾಡಿಯಲ್ಲಿ ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಹಾಕಿ ಮೇಲೆ ಭಾರವಿಡಿ. ಬೇಕಾದಾಗ ತೆಗೆದು, ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ, ತೆಂಗಿನತುರಿ, ಹಸಿಮೆಣಸಿನ ಜೊತೆ ರುಬ್ಬಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಚಟ್ನಿ ರೆಡಿ. ಮಳೆಯಲ್ಲಿ ನೆಂಟರು ಬಾಗಿಲು ತಟ್ಟಿದರೆ ಹೋಟೆಲಿಗೆ ಫೋನ್ ಮಾಡುವ ತಾಪತ್ರಯವೇ ಇಲ್ಲ.

ಅಂದ ಹಾಗೆ, ಕುದ್ರುವಿನಿಂದ ವಾಪಸ್ ಬಂದ ಮೇಲೆ ಆ ಗೃಹಿಣಿಗೊಂದು ಫೋನ್ ಮಾಡಿ. ಫೋಟೊ ಕಳಿಸಿದರಷ್ಟೇ ಸಾಲದು, ಮಳೆಗಾಲ ಮುಗಿದ ಮೇಲೆ ನಾಲ್ಕು ದಿನ ನಿಮ್ಮ ಮನೆಗೆ ಬರಲು ಕರೆಯಿರಿ. ವರ್ಷವಿಡೀ ಬಂದವರಿಗೆ ನೀರು ಕೊಟ್ಟ ಕೈಗೆ ಒಮ್ಮೆಯಾದರೂ ನಾವು ಆಸರಿಗೆ ಕೊಡಬೇಡವೇ? ಏನಂತೀರಿ?