ಘಾಟಿಯಲ್ಲಿ ಸೋತ ಕಾರು

ಮಳೆ ಹೊಳವಾದ ಬೆಳಗು. ತೀರ್ಥಹಳ್ಳಿಯ ಅಂಚಿನ ಗ್ಯಾರೇಜಿನ ತಗಡಿನ ಮಾಡಿನಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿದೆ. ಒಳಗೆ ಕಾಲಿಟ್ಟರೆ ಡೀಸೆಲ್, ಹಳೇ ಆಯಿಲ್, ಒದ್ದೆ ಗೋಣಿಚೀಲ ಎಲ್ಲದರ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿಯುತ್ತದೆ. ಮೂಲೆಯಲ್ಲಿ ಹುಡುಗನೊಬ್ಬ ನಟ್ಟು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕುತ್ತಿದ್ದಾನೆ. ನಡುವೆ ಬಾನೆಟ್ ತೆರೆದುಕೊಂಡು ನಿಂತಿದೆ ಬಾಡಿಗೆ ಓಡುವ ಒಂದು ಬಿಳಿ ಡೀಸೆಲ್ ಕಾರು. ಬನ್ನಿ, ಆ ಮರದ ಸ್ಟೂಲಿನ ಮೇಲೆ ಕೂತು ನೋಡೋಣ.

"ಆಗುಂಬೆ ಘಾಟಿ ಹತ್ತುವಾಗ ಎಳೆಯೋದೇ ಇಲ್ಲ ಅಣ್ಣಾ. ಇಂಜಿನ್ ಲೈಟ್ ಹತ್ತುತ್ತೆ. ಆಫ್ ಮಾಡಿ ಸ್ಟಾರ್ಟ್ ಮಾಡಿದ್ರೆ ಸರಿ ಹೋಗುತ್ತೆ, ಎರಡು ತಿರುವು ದಾಟೋದ್ರೊಳಗೆ ಮತ್ತೆ ಅದೇ ಕತೆ," ಎನ್ನುತ್ತಾನೆ ಚಾಲಕ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಘಾಟಿ ಅದು. ಹಿಂದೆ ಬಸ್ಸು, ಮುಂದೆ ಲಾರಿ, ಸೀಟಿನಲ್ಲಿ ಉಡುಪಿಯಿಂದ ಕೂರಿಸಿಕೊಂಡು ಬಂದ ಯಾತ್ರಿಗಳು. ಬೇರೆಲ್ಲೋ ತೋರಿಸಿ ಪ್ರೆಶರ್ ಸೆನ್ಸರ್ ಹೊಸದು ಹಾಕಿಸಿದ್ದೂ ಆಗಿದೆ. ತೊಂದರೆ ಮಾತ್ರ ಹಾಗೇ ಉಳಿದಿದೆ.

ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವುದಿಲ್ಲ. ಕೈ ಒರೆಸಿಕೊಳ್ಳುತ್ತ ಕೇಳುತ್ತಾರೆ: "ಸಪಾಟು ರಸ್ತೇಲಿ ಹೀಗಾಗುತ್ತಾ, ಇಲ್ಲ ಏರಿನಲ್ಲಿ ಮಾತ್ರವಾ?" ಏರಿನಲ್ಲಿ ಮಾತ್ರ. ಅವರು ತಲೆಯಾಡಿಸುತ್ತಾರೆ. ಅರ್ಧ ಕೆಲಸ ಈ ಪ್ರಶ್ನೆಯಲ್ಲೇ ಮುಗಿದಿತ್ತು ಅನ್ನುವುದು ನಮಗೆ ಗೊತ್ತಾಗುವುದು ಆಮೇಲೆ.

ಇವರು ಕೆಲಸ ಕಲಿತದ್ದು ಬೆಂಗಳೂರಿನ ಮೈಕೋ ಕಂಪನಿಯ ಡೀಸೆಲ್ ಪಂಪುಗಳ ಕಾಲದಲ್ಲಿ. ಆಗ ಇಂಜಿನ್ನಿನ ಸದ್ದು ಕೇಳಿ, ಹೊಗೆಯ ಬಣ್ಣ ನೋಡಿ ರೋಗ ಹೇಳುತ್ತಿದ್ದರು. 1997ರಲ್ಲಿ ಇಟಲಿಯ ಆಲ್ಫಾ ರೋಮಿಯೋ 156 ಕಾರಿನೊಂದಿಗೆ ಕಾಮನ್ ರೇಲ್ ಡೀಸೆಲ್ ಇಂಜಿನ್ ಕಾರುಗಳಿಗೆ ಬಂತು; ಆ ಬಗೆಯ ಇಂಜಿನ್‌ಗಳು ನಮ್ಮೂರಿಗೂ ಬಂದಮೇಲೆ ಕಿವಿಯ ಜೊತೆಗೆ ಮೀಟರೂ ಬೇಕಾಯಿತು.

ಬೆರಳು ಚಾಚಿ ತೋರಿಸುತ್ತಾರೆ, ನೋಡಿ: ಇಂಜಿನ್ನಿನ ಪಕ್ಕಕ್ಕೆ ಮಲಗಿರುವ ಉಕ್ಕಿನ ಗಟ್ಟಿ ಕೊಳವೆಯೇ ಆ ರೇಲ್. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಎರಡು ಬಾರ್‌ಗಿಂತ ತುಸು ಹೆಚ್ಚು. ಈ ಕೊಳವೆಯೊಳಗಿನ ಡೀಸೆಲ್ ಇಂಜಿನ್ ಸುಮ್ಮನೆ ಗುಡುಗುಡು ಅನ್ನುವಾಗಲೇ ಸುಮಾರು 250–300 ಬಾರ್‌ನಲ್ಲಿರುತ್ತದೆ, ಪೂರ್ತಿ ಎಳೆತದಲ್ಲಿ ಇಂಥ ಇಂಜಿನ್‌ಗಳಲ್ಲಿ 1,600 ಬಾರ್‌ವರೆಗೂ ಏರುತ್ತದೆ. ಅದಕ್ಕೇ ಹುಡುಗನಿಗೆ ಕಟ್ಟಪ್ಪಣೆ: ಇಂಜಿನ್ ಓಡುವಾಗ ಈ ಪೈಪ್ ಸಡಿಲಿಸಬಾರದು, ಲೀಕ್ ಹುಡುಕಲು ಬೆರಳಿಡಬಾರದು. ಚಿಮ್ಮುವ ಡೀಸೆಲ್ ಚರ್ಮ ತೂತು ಮಾಡಿ ಒಳಹೋಗುತ್ತದೆ.

ರೇಲಿನ ತುದಿಯಲ್ಲಿ ಹೆಬ್ಬೆರಳಷ್ಟಿರುವ ಸೆನ್ಸರ್. ಅದರೊಳಗಿನ ತೆಳು ಲೋಹದ ಪೊರೆ ಒತ್ತಡಕ್ಕೆ ಕೂದಲೆಳೆಗಿಂತಲೂ ಕಡಿಮೆ ಬಾಗುತ್ತದೆ, ಆ ಬಾಗು ವೋಲ್ಟೇಜ್ ಆಗಿ ಹೊರಬರುತ್ತದೆ. ವೈರ್‌ಗಳು ಮೂರೇ: ಐದು ವೋಲ್ಟ್ ತರುವುದು ಒಂದು, ಅರ್ತ್ ಒಂದು, ಸಿಗ್ನಲ್ ಒಯ್ಯುವುದು ಇನ್ನೊಂದು. ಒತ್ತಡ ಇಲ್ಲದಾಗ ಸಿಗ್ನಲ್ ಅರ್ಧ ವೋಲ್ಟ್, ಗರಿಷ್ಠಕ್ಕೆ ಹೋದಾಗ ಸುಮಾರು ನಾಲ್ಕೂವರೆ. ಅದನ್ನೂ ಮೀರಿದರೆ ಕಾರಿನ ಕಂಪ್ಯೂಟರ್ ಆ ಲೆಕ್ಕ ನಂಬುವುದಿಲ್ಲ. ಇಂಜಿನ್ ಉಳಿಸಿಕೊಳ್ಳಲು ಶಕ್ತಿ ತಗ್ಗಿಸಿ, ಲೈಟ್ ಹೊತ್ತಿಸುತ್ತದೆ.

ಸ್ಕ್ಯಾನರ್ ಚುಚ್ಚಿದರೆ ಪಿ0193 ಎಂಬ ಕೋಡ್: ರೇಲ್ ಪ್ರೆಶರ್ ಸಿಗ್ನಲ್ ಅತಿ ಹೆಚ್ಚು. ಸೆನ್ಸರ್ ಕೆಟ್ಟಿದೆ ಎಂದು ಅದು ಎಲ್ಲೂ ಹೇಳಿಲ್ಲ. ಹಿಂದಿನವರು ಎಡವಿದ್ದು ಇಲ್ಲೇ.

ಈಗ ಮಲ್ಟಿಮೀಟರ್ ಹೊರಬರುತ್ತದೆ. ಸೆನ್ಸರಿಗೆ ವೈರ್ ಕೂಡಿಸುವ ಕಪ್ಲರ್ ಕಳಚದೆ, ಅದರ ಬೆನ್ನಿನಿಂದ ಸಣ್ಣ ಗುಂಡುಸೂಜಿ ತೂರಿಸಿ ಅಳೆಯುತ್ತಾರೆ. ಕೀ ಆನ್, ಇಂಜಿನ್ ಆಫ್. ಐದು ವೋಲ್ಟ್ ಬರುತ್ತಿದೆ, ಸಿಗ್ನಲ್ ಅರ್ಧ ವೋಲ್ಟ್, ಎಲ್ಲ ಸರಿ. "ಈಗ ವೈರ್ ಅಲ್ಲಾಡಿಸು." ಹುಡುಗ ವೈರಿಂಗ್ ಕಟ್ಟನ್ನು ಮೆಲ್ಲಗೆ ಎಳೆಯುತ್ತಾನೆ. ಅರ್ಧ ವೋಲ್ಟ್ ತೋರಿಸುತ್ತಿದ್ದ ಮೀಟರ್ ಐದರ ಹತ್ತಿರಕ್ಕೆ ಜಿಗಿದು, ಮತ್ತೆ ಇಳಿಯುತ್ತದೆ. ಅರ್ತ್ ಪಿನ್ನಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆದರೆ, ಸೊನ್ನೆಯ ಹತ್ತಿರ ಇರಬೇಕಾದದ್ದು ಎಳೆದಾಗಲೆಲ್ಲ ವೋಲ್ಟುಗಟ್ಟಲೆ ಏರುತ್ತಿದೆ. ಅರ್ತ್ ತಪ್ಪಿದರೆ ಸಿಗ್ನಲನ್ನು ಕೆಳಗೆ ಹಿಡಿದಿಡುವ ದಾರಿಯೇ ಇಲ್ಲ. ಅದು ಮೇಲಕ್ಕೇ ಹೋಗುತ್ತದೆ.

ವೈರಿಂಗ್ ಕಟ್ಟನ್ನು ಹಿಡಿದಿರುವ ಕ್ಲಾಂಪಿನ ಬಳಿ ಟೇಪ್ ಬಿಚ್ಚುತ್ತಾರೆ. ಬಾಗಿಸಿ ನೋಡಿ: ವೈರಿನ ಹೊದಿಕೆ ಉಜ್ಜಿ ಸವೆದಿದೆ, ಮಳೆಗಾಲದ ನೀರು ಕುಡಿದ ತಾಮ್ರ ಹಸಿರುಗಟ್ಟಿದೆ, ಎಳೆಗಳಲ್ಲಿ ಉಳಿದದ್ದು ಒಂದೋ ಎರಡೋ. ಬರೀ ಬೀಪ್ ಸದ್ದಿನ ಪರೀಕ್ಷೆ ಮಾಡಿದ್ದರೆ ಆ ಒಂದೆಳೆಯೇ ಸಾಕು, ಮೀಟರ್ ಎಲ್ಲ ಚೆನ್ನಾಗಿದೆ ಎಂದೇ ಕೂಗುತ್ತಿತ್ತು. ಏರಿನ ಪ್ರಶ್ನೆಗೂ ಉತ್ತರ ಇಲ್ಲಿದೆ: ಭಾರ ಎಳೆಯುವಾಗ ಇಂಜಿನ್ ತನ್ನ ಮೌಂಟಿಂಗ್ ಮೇಲೆ ತುಸು ವಾಲುತ್ತದೆ, ವೈರ್ ಬಿಗಿಯುತ್ತದೆ, ಅರ್ತ್ ಕಳಚುತ್ತದೆ.

ತಾಮ್ರ ಕೆಂಪಗೆ ಹೊಳೆಯುವವರೆಗೆ ಕತ್ತರಿಸಿ, ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಸ್ಲೀವ್ ಏರಿಸಿ ಬಿಸಿ ಮಾಡಿ ಮೈಗಂಟಿಸುತ್ತಾರೆ. ಕ್ಲಾಂಪನ್ನು ಸಡಿಲವಾಗಿ, ಬೇರೆ ಕಡೆ ಕಟ್ಟುತ್ತಾರೆ. ಊರ ಹೊರಗಿನ ಏರಿನಲ್ಲಿ ಸ್ಕ್ಯಾನರ್ ನೋಡುತ್ತ ಕೂತರೆ ರೇಲಿನ ಒತ್ತಡ ಕಾಲಿನ ತುಳಿತಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಲೈಟ್ ಹತ್ತುವುದಿಲ್ಲ.

ಸಾವಿರಗಟ್ಟಲೆ ಕೊಟ್ಟು ಬದಲಿಸಿದ ಸೆನ್ಸರ್‌ಗೆ ಏನೂ ಆಗಿರಲಿಲ್ಲ, ಕೆಟ್ಟಿದ್ದು ಗೇಣುದ್ದದ ವೈರ್. ದಿನದ ಬಾಡಿಗೆಯಲ್ಲೇ ಸಾಲದ ಕಂತು ತೀರಿಸುವವನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದ್ದರಿಂದ ನಿಮ್ಮ ಕಾರಿಗೂ ಯಾರಾದರೂ "ಸೆನ್ಸರ್ ಹೋಗಿದೆ" ಅಂದರೆ, ದುಡ್ಡು ಎಣಿಸುವ ಮುಂಚೆ ಕೇಳಿ: ಐದು ವೋಲ್ಟ್ ಬರ್ತಿದೆಯಾ, ಅರ್ತ್ ಅಳೆದು ನೋಡಿದ್ರಾ, ವೈರ್ ಅಲ್ಲಾಡಿಸಿ ನೋಡಿದ್ರಾ? ಕೆಲಸ ಬಲ್ಲ ಮೆಕ್ಯಾನಿಕ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಮೀಟರನ್ನು ನಿಮ್ಮ ಕಡೆಗೇ ತಿರುಗಿಸಿ ತೋರಿಸುತ್ತಾರೆ.