ಬೆಕ್ಕಿಗೆ ಲಂಘನ ಔಷಧವಲ್ಲ

ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ನನಗೆ ವರ್ಗವಾದಾಗ ಪಾತ್ರೆಪಗಡಗಳ ಸಂಗಡ ನಮ್ಮ ಚಿನ್ನಿಯೂ ಬುಟ್ಟಿಯಲ್ಲಿ ಕುಳಿತು ಬಂದಳು. ಹೊಸ ಮನೆ ಹೊಕ್ಕವಳೇ ಕಪಾಟಿನ ಕೆಳಗೆ ಸೇರಿಬಿಟ್ಟಳು. ತಟ್ಟೆ ಮೂಸಲೂ ಇಲ್ಲ. “ಲಂಘನಂ ಪರಮೌಷಧಂ. ಹಸಿದರೆ ತಾನೇ ಬರುತ್ತಾಳೆ” ಎಂದು ಪಂಡಿತನಂತೆ ನುಡಿದು ನಾನು ಕಚೇರಿಗೆ ನಡೆದೆ. ಬಿ.ಎ. ಓದಿದ ತಲೆ, ಏನು ಹೇಳಲಿ! ಐದನೆಯ ದಿನ ನೋಡಿದರೆ ಅವಳ ಕಿವಿಯ ಒಳಮೈ ಅರಿಸಿನ ಬಳಿದಂತೆ ಹಳದಿಯಾಗಿತ್ತು.

ಪಶುವೈದ್ಯರು ರಕ್ತ ಪರೀಕ್ಷಿಸಿ ತಿಳಿಸಿದ ಸಂಗತಿ ಇದು. ಬೆಕ್ಕು ಕೆಲವು ದಿನ ಊಟ ಬಿಟ್ಟರೆ ಮೈಯ ಕೊಬ್ಬು ಕರಗಿ ಯಕೃತ್ತಿಗೆ ಹರಿದು ಅಲ್ಲಿಯೇ ತುಂಬಿಕೊಳ್ಳುತ್ತದೆ, ಕಾಮಾಲೆ ಕಾಣಿಸುತ್ತದೆ. ದಷ್ಟಪುಷ್ಟವಾದ ಬೆಕ್ಕಿಗೇ ಗಂಡಾಂತರ ಹೆಚ್ಚು. ಇದಕ್ಕೆ ಮುಖ್ಯ ಮದ್ದು ಆಹಾರವೇ. ಬಾಯಿ ಬಿಡಿಸಿ ತುರುಕಿದರೆ ಶ್ವಾಸಕೋಶಕ್ಕೆ ಹೋಗುವ ಭಯ. ಆದ್ದರಿಂದ ನಳಿಗೆ ಹಾಕಬೇಕು.

ನಳಿಗೆ ಎಂದೊಡನೆ ನನ್ನಾಕೆ, “ಮೂಕಪ್ರಾಣಿಗೆ ಈ ಹಿಂಸೆ ಯಾಕೆ?” ಎಂದು ಕಣ್ಣೀರು ತಂದಳು. ಹಿಂಸೆ ಮಾಡಿದ್ದು ನನ್ನ ಲಂಘನವೇ ಹೊರತು ನಳಿಗೆಯಲ್ಲ. 1790ರಲ್ಲಿ ಜಾನ್ ಹಂಟರ್ ಎಂಬ ಸ್ಕಾಟಿಷ್ ವೈದ್ಯ ನುಂಗಲಾರದ ರೋಗಿಗೆ ಹಾವುಮೀನಿನ ಚರ್ಮದ ಕೊಳವೆಯಿಂದ ಆಹಾರ ಇಳಿಸಿದ್ದನಂತೆ. ಈಗಿನದು ಮೆದುವಾದ ಸಿಲಿಕೋನಿನದು. ಮೊದಲೆರಡು ದಿನ ಮೂಗಿನ ಸಣ್ಣ ನಳಿಗೆ, ಅದರಲ್ಲಿ ತೆಳು ದ್ರವ ಮಾತ್ರ ಹೋಗುತ್ತದೆ. ತುಸು ಚೇತರಿಸಿದ ಮೇಲೆ ಅರಿವಳಿಕೆ ಕೊಟ್ಟು, ಕುತ್ತಿಗೆಯ ಎಡಬದಿಯಿಂದ ಅನ್ನನಾಳಕ್ಕೆ ದಪ್ಪ ನಳಿಗೆ ಇಳಿಸಿದರು. ಸರಿಯಾದ ಜಾಗದಲ್ಲಿದೆಯೇ ಎಂದು ಎಕ್ಸ್‌ರೇ ತೆಗೆದು ನೋಡಿದರು. ಇದು ವಾರಗಟ್ಟಲೆ ಇರಬಹುದು.

ಆಮೇಲಿನದು ಮನೆಯವರ ಕೆಲಸ. ಚಿನ್ನಿ 4 ಕಿಲೋ ತೂಗುತ್ತಾಳೆ. ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಆದರೆ ಹಸಿದ ದೇಹಕ್ಕೆ ಒಮ್ಮೆಲೇ ಕೊಟ್ಟರೆ ಅಪಾಯ. ಮೊದಲ ದಿನ ಮೂರನೆಯ ಒಂದು ಪಾಲು, ಮೂರು ನಾಲ್ಕು ದಿನಗಳಲ್ಲಿ ಪೂರ್ತಿ. ವೈದ್ಯರು ಬರೆದುಕೊಟ್ಟ ಆಹಾರವನ್ನು ನುಣ್ಣಗೆ ಅರೆದು, ಸೋಸಿ, ಉಗುರುಬೆಚ್ಚಗೆ ಮಾಡಿ, ಸಿರಿಂಜಿನಿಂದ ಹತ್ತು ಹದಿನೈದು ನಿಮಿಷ ನಿಧಾನವಾಗಿ ಬಿಡಬೇಕು. ಮುಂಚೆಯೂ ನಂತರವೂ ನೀರು ಹಾಯಿಸದಿದ್ದರೆ ನಳಿಗೆ ಕಟ್ಟಿಕೊಳ್ಳುತ್ತದೆ. ಒಮ್ಮೆ ನಾನು ಮರೆತು ರಾತ್ರಿಯೆಲ್ಲ ಪರದಾಡಿದೆ. ವಾಂತಿಯೋ ಕೆಮ್ಮೋ ಬಂದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕೇಳಬೇಕು. ಸೋದರಿಯರು ಗಮನಿಸಬೇಕು: ನಮ್ಮ ಅಡುಗೆಯ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತವನ್ನೇ ಕೆಡಿಸುತ್ತವೆ. ಗಾಯದ ಪಟ್ಟಿಯನ್ನು ನನ್ನಾಕೆಯೇ ಬದಲಿಸುತ್ತಿದ್ದಳು, ಅತ್ತವಳು ಅವಳೇ!

ಇಪ್ಪತ್ತಮೂರನೆಯ ದಿನ ಚಿನ್ನಿ ನನ್ನ ತಟ್ಟೆಯ ಮೊಸರನ್ನು ಕದ್ದು ನೆಕ್ಕಿದಳು. ನಳಿಗೆ ತೆಗೆಸೋಣವೆಂದು ನಾನು ಓಡಿದರೆ ವೈದ್ಯರು, “ಇನ್ನೊಂದು ವಾರ ತಾನಾಗಿ ಹೊಟ್ಟೆತುಂಬ ಉಣ್ಣಲಿ” ಎಂದು ಹಿಂದಕ್ಕೆ ಕಳಿಸಿದರು. ತೆಗೆದ ಮೇಲೆ ಹೊಲಿಗೆಯೂ ಬೇಕಾಗಲಿಲ್ಲ. ಕೆಲವೇ ದಿನಗಳಲ್ಲಿ ತೂತು ತಾನೇ ಮುಚ್ಚಿತು. ಬೋಳಿಸಿದ ಜಾಗದಲ್ಲಿ ಈಗ ಹೊಸ ಕೂದಲು ಬರುತ್ತಿದೆ.